ವೀಸಾ ಮುಗಿದ ಮೇಲಿನ ಪಥ್ಯ

ಆ ಮಳೆಗಾಲ ನಾನು ಎಷ್ಟು ಸುಸ್ತಾಗಿದ್ದೆನೆಂದರೆ, ಅಕ್ಕನ ವೀಸಾ ಮುಗಿದುಹೋಗಿದೆ ಎಂದು ಟಿಕೆಟ್ ಏಜೆಂಟ್ ಫೋನಿನಲ್ಲಿ ಹೇಳಿದಾಗ ಗಾಬರಿಯಾಗುವುದಕ್ಕೂ ತ್ರಾಣವಿರಲಿಲ್ಲ. "ಆಯ್ತು, ನೋಡ್ತೇನೆ" ಎಂದು ಫೋನಿಟ್ಟೆ. ಉಕ್ಕಲು ಬಂದ ಹಾಲನ್ನು ಇಳಿಸಿ, ಗ್ಯಾಸ್ ಆರಿಸಿ, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಮೂರು ವಾರ ಆಗಿತ್ತಂತೆ ಮುಗಿದು. ಟಿಕೆಟಿನ ತಾರೀಕನ್ನು ಎರಡು ಸಲ ಮುಂದೆ ಹಾಕಿಸಿದವಳು ನಾನೇ. ಟಿಕೆಟ್ ಮುಂದೆ ಹೋದರೆ ಎಲ್ಲವೂ ಮುಂದೆ ಹೋಯಿತು ಎಂದುಕೊಂಡಿದ್ದೆ. ಪಾಸ್‌ಪೋರ್ಟ್ ಎಂಬುದೊಂದಿದೆ, ಅದರೊಳಗೆ ಇನ್ನೊಂದು ತಾರೀಕು ಕೂತಿದೆ ಎಂಬುದು ವಾಂತಿಯ ಬಕೆಟ್ ತೊಳೆಯುವ ಗಡಿಬಿಡಿಯಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಕ್ಕ ಹುಟ್ಟಿದ್ದು ಮುಂಬಯಿಯಲ್ಲೇ. ಬೆಳೆದದ್ದು ಸಾಂತಾಕ್ರೂಜಿನ ಚಾಳಿನಲ್ಲಿ, ಈಗ ನಾವಿರುವ ಬಿಲ್ಡಿಂಗಿನಿಂದ ನಡೆದು ಹೋಗುವಷ್ಟು ಹತ್ತಿರ. ಮದುವೆಯಾಗಿ ನೈರೋಬಿಗೆ ಹೋದಳು, ಅಲ್ಲಿಯವಳೇ ಆದಳು, ಅಲ್ಲಿಯ ಪಾಸ್‌ಪೋರ್ಟ್ ತಗೊಂಡಳು. ಭಾವ ತೀರಿಹೋದ ಮೇಲೂ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವ ಅಂಗಡಿ ನಡೆಸಿಕೊಂಡು ಅಲ್ಲೇ ಉಳಿದಳು. ಹಾಗಾಗಿ ತಾಯಿಯ ಮನೆಗೆ ಬರಬೇಕಾದರೂ ಅವಳು ಪ್ರವಾಸಿ. ಭಾರತ ಮೂಲದವರಿಗೆ ಕೊಡುವ ಕಾರ್ಡ್ ಮಾಡಿಸಿಕೋ, ಪ್ರತಿ ಸಲ ಈ ವೀಸಾದ ರಗಳೆ ಬೇಡ ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು. "ಬರುವ ಸಲ ನೋಡುವ" ಅನ್ನುವಳು. ಅವಳ ಬರುವ ಸಲ ಎಂದರೆ ನಾಲ್ಕೈದು ವರ್ಷಕ್ಕೊಮ್ಮೆ.

ಈ ಸಲ ಬಂದವಳು ಸ್ಟೇಷನ್ನಿನ ಹೊರಗೆ ನಿಂತು ಕಬ್ಬಿನ ಹಾಲು ಕುಡಿದಳು. ಮಳೆಗಾಲದಲ್ಲಿ ಬೇಡ ಎಂದೆ. "ಚಿಕ್ಕವಳಿದ್ದಾಗ ಕುಡಿದಿಲ್ವಾ? ಎಂತ ಆಗ್ತದೆ?" ಎಂದಳು. ಏನಾಯಿತು ಎಂದರೆ, ಕೆಲವು ವಾರ ಕಳೆದ ಮೇಲೆ ಜ್ವರ ಬಂತು, ವಾಂತಿ ಹಿಡಿಯಿತು, ಕಣ್ಣು ಅರಿಶಿನ ಹಚ್ಚಿದ ಹಾಗೆ ಹಳದಿಯಾಯಿತು. ನಮ್ಮ ಗಲ್ಲಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಇವತ್ತೇ ಅಡ್ಮಿಟ್ ಮಾಡಿ ಎಂದರು. ಅಕ್ಕ ಒಪ್ಪಲಿಲ್ಲ. ನಮ್ಮ ಕರಾವಳಿ ಕಡೆಯವರಿಗೆ ಎಲ್ಲ ಕಾಯಿಲೆಗೂ ಡಾಕ್ಟರು ಆಗುತ್ತಾರೆ, ಕಾಮಾಲೆಗೆ ಮಾತ್ರ ಆಗುವುದಿಲ್ಲ.

"ಕಾಮಾಲೆಗೆ ಯಾರಾದ್ರೂ ಇಂಗ್ಲಿಷ್ ಮದ್ದು ಮಾಡ್ತಾರಾ ಮಾರಾಯ್ತಿ? ವಾಕೋಲದಲ್ಲಿ ಮದ್ದು ಕೊಡುವ ಹೆಂಗಸು ಇದ್ದಾರೋ ಇಲ್ವೋ ಈಗ?" ಎಂದು ಅಕ್ಕ ಕೇಳಿದಳು.

ಇದ್ದರು. ವಾಕೋಲದ ಚಾಳಿನಲ್ಲಿ ನಮ್ಮ ಕಡೆಯ ಒಬ್ಬ ಹೆಂಗಸು ಬೆಳಗ್ಗೆ ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪನ್ನು ಹಾಲಿನಲ್ಲಿ ಅರೆದು ಕೊಡುತ್ತಾರೆ. ಯಾವ ಸೊಪ್ಪು ಎಂದು ಹೇಳುವ ಹಾಗಿಲ್ಲ, ಹಣ ಮುಟ್ಟುವ ಹಾಗಿಲ್ಲ. ಹಾಗೆ ಮಾಡಿದರೆ ಮದ್ದು ಹಿಡಿಯುವುದಿಲ್ಲವಂತೆ. ದೇವರ ಮುಂದೆ ಒಂದು ತೆಂಗಿನಕಾಯಿ ಇಟ್ಟು ಬರಬೇಕು, ಅಷ್ಟೇ. ಮದ್ದಿಗಿಂತ ಪಥ್ಯ ಮುಖ್ಯ ಎಂದು ಅವರು ಅಂದರು. ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ. ಕುಚ್ಚಲಕ್ಕಿ ಗಂಜಿ ಮಾತ್ರ. ಇಂಥ ಕಾಮಾಲೆ ವಿಶ್ರಾಂತಿ ಸಿಕ್ಕರೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ, ಸೊಪ್ಪಿಗೆ ಹೆಸರು ಕೊಡಬೇಡಿ, ನಿಮ್ಮ ಅದೃಷ್ಟ ಗಟ್ಟಿ ಇತ್ತು ಅಷ್ಟೇ ಎಂದು ಡಾಕ್ಟರು ಆಮೇಲೆ ನನ್ನನ್ನು ಬೈದರು. ಹೆಸರು ಯಾರಿಗೆ ಬಂದರೂ ನನಗೆ ಬೇಸರವಿರಲಿಲ್ಲ, ಇಳಿದರೆ ಸಾಕಾಗಿತ್ತು.

ಇನ್ನು ಅಮ್ಮನ ವಿಷಯ. ಅವಳಿಗೆ ಎಂಬತ್ತೈದು ದಾಟಿತ್ತು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಗಿ ಕೂಡಿಕೊಂಡಿತ್ತು. ನಡೆಯಬಹುದು, ನಡೆಯಲೇಬೇಕು ಎಂದು ಎಲ್ಲರೂ ಹೇಳಿದರು. "ನನಗಿನ್ನು ನಡೆದು ಎಲ್ಲಿಗೆ ಹೋಗ್ಲಿಕ್ಕುಂಟು?" ಎಂದು ಮಲಗಿದವಳು ಎರಡು ವರ್ಷ ಏಳಲಿಲ್ಲ. ಸ್ನಾನ, ಊಟ, ಬೆಡ್‌ಪ್ಯಾನ್ ಎಲ್ಲವೂ ನನ್ನದೇ. ನನ್ನ ಗಂಡ ಬೆಳಗಾಗುವ ಮೊದಲು ಹೋಟೆಲಿನ ಗಲ್ಲಾಕ್ಕೆ ಹೋದರೆ ಬರುವುದು ಊರು ಮಲಗಿದ ಮೇಲೆ. ಏಳಮ್ಮಾ, ನಾಲ್ಕು ಹೆಜ್ಜೆ ಹಾಕಮ್ಮಾ ಎಂದು ನಾನು ಅಂಗಲಾಚಿದ್ದೇನೆ, ಗದರಿದ್ದೇನೆ, ಬಾಗಿಲು ಹಾಕಿಕೊಂಡು ಅತ್ತದ್ದೂ ಉಂಟು.

ಅಕ್ಕನಿಗೆ ಕಾಮಾಲೆ ಎಂದು ಗೊತ್ತಾದ ದಿನ ಅಮ್ಮ ಮಂಚದಿಂದಲೇ ಕೇಳಿದಳು. "ಪಥ್ಯ ಯಾರು ಮಾಡುವುದು?"

"ನಾನಿಲ್ವಾ?" ಎಂದೆ.

"ನಿನ್ನ ಕೈಗೆ ಉಪ್ಪು ಹಾಕಿ ಅಭ್ಯಾಸ. ನೀನು ಮರೀತಿ."

ಮರುದಿನ ಬೆಳಗ್ಗೆ ನಾನು ಹಲ್ಲುಜ್ಜಿ ಬರುವಾಗ ಅಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಾಲು ನಡುಗುತ್ತಿತ್ತು. ಸ್ಟೂಲು ತಂದಿಟ್ಟೆ. ಅದರ ಮೇಲೆ ಕೂತು ಅಕ್ಕಿ ತೊಳೆದಳು, ಗಂಜಿ ಇಟ್ಟಳು, ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಸಿಗದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡಳು. ಅವತ್ತಿನಿಂದ ದಿನಾ ಹಾಗೆಯೇ. ಒಂದು ವಾರಕ್ಕೆ ಸ್ಟೂಲು ಬೇಡವಾಯಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಹೊಟ್ಟೆ ಉರಿದದ್ದೂ ಸುಳ್ಳಲ್ಲ. ಎರಡು ವರ್ಷ ಅಂಡು ತೊಳೆದವಳು ನಾನು, ಎದ್ದು ನಿಂತದ್ದು ಐದು ವರ್ಷಕ್ಕೊಮ್ಮೆ ಬರುವವಳಿಗಾಗಿ.

ಏಜೆಂಟಿನ ಫೋನು ಬಂದದ್ದು ಈ ನಡುವೆ. ಅಕ್ಕ ದೇಶ ಬಿಡಬೇಕಾದರೆ ವಿದೇಶಿಯರ ನೋಂದಣಿ ಕಚೇರಿಯಿಂದ ಹೊರಹೋಗುವ ಅನುಮತಿ ಬೇಕು, ದಂಡ ಕಟ್ಟಬೇಕು ಎಂದ. ಅದು ದೊಡ್ಡದಲ್ಲ. ಕಾರಣ ಸರಿಯಿಲ್ಲ ಎಂದು ಅವರಿಗೆ ಕಂಡರೆ ಮುಂದೆ ವರ್ಷಗಟ್ಟಲೆ ವೀಸಾ ಸಿಗದೆಯೂ ಹೋಗಬಹುದು ಎಂದ. ಅಮ್ಮನಿಗೆ ವರ್ಷಗಟ್ಟಲೆ ಎಲ್ಲಿಂದ ತರುವುದು? ವೀಸಾ ಸಿಗದಿದ್ದರೆ ಅವರಿಬ್ಬರೂ ಇನ್ನು ಮುಖ ನೋಡುವ ಹಾಗಿಲ್ಲ. ನಾನೂ ಅಕ್ಕನೂ ಇದನ್ನು ಬಾಯಿಬಿಟ್ಟು ಆಡಲಿಲ್ಲ. ಅಮ್ಮನಿಗೆ ಹೇಳಲೂ ಇಲ್ಲ.

ಅರ್ಜಿ ಹಾಕುವುದು ಫೋನಿನಲ್ಲೇ. ಪಾಸ್‌ಪೋರ್ಟಿನ ಫೋಟೋ ದೊಡ್ಡದಾಯಿತು ಎಂದಿತು, ಸಣ್ಣ ಮಾಡಿದರೆ ಮಸುಕು ಎಂದಿತು. ನಮ್ಮ ಕರೆಂಟ್ ಬಿಲ್ಲು, ಅಕ್ಕ ನಮ್ಮಲ್ಲಿದ್ದಾಳೆ ಎಂಬ ಪತ್ರ, ಟಿಕೆಟ್, ಎಲ್ಲವನ್ನೂ ಕೊಟ್ಟ ಮೇಲೆ ಕೊನೆಗೆ ಕೇಳಿದ್ದು ಕಾಯಿಲೆಯ ಸರ್ಟಿಫಿಕೇಟ್. ಅಲ್ಲಿ ಕೂತುಹೋಯಿತು ನನ್ನ ಗಾಡಿ. ಕಾಯಿಲೆ ಇತ್ತು, ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಆದರೆ ಆಸ್ಪತ್ರೆಯಿಲ್ಲ, ಮಾತ್ರೆಯಿಲ್ಲ, ಬಿಲ್ಲಿಲ್ಲ. ವಾಕೋಲದ ಹೆಂಗಸಿನ ಹತ್ತಿರ ಹೋಗಿ ಎರಡು ಸಾಲು ಬರೆದುಕೊಡ್ತೀರಾ ಎಂದು ಕೇಳಿದೆ. ಅವರ ಮುಖ ಸಣ್ಣದಾಯಿತು. "ಪೊಲೀಸರ ಆಫೀಸಿಗೆ ನನ್ನ ಹೆಸರು ಎಂತಕ್ಕೆ ಅಕ್ಕಾ? ನಾನು ನಿಮ್ಮ ಹತ್ರ ಒಂದು ಪೈಸೆ ತಗೊಂಡಿದ್ದೇನಾ?" ಎಂದರು. ಸರಿಯಾದ ಮಾತು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಮತ್ತೆ ಡಾಕ್ಟರ ಕಾಲು ಹಿಡಿದೆ. ಅವರು ಕಂಡದ್ದನ್ನು ಮಾತ್ರ ಬರೆದರು. ಇಂಥ ದಿನ ನೋಡಿದೆ, ಕಾಮಾಲೆ ಜೋರಾಗಿತ್ತು, ಪ್ರಯಾಣಕ್ಕೆ ಯೋಗ್ಯಳಲ್ಲ, ಅಡ್ಮಿಟ್ ಆಗಲು ಹೇಳಿದೆ, ಆಗಲಿಲ್ಲ. ಕೊನೆಯ ಮಾತು ಬಿಡಬಹುದಿತ್ತಲ್ಲ ಎಂದೆ. "ಮ್ಯಾಡಮ್, ಅದೂ ಆದದ್ದೇ ತಾನೆ?" ಎಂದು ಮುಂದಿನ ಪೇಷಂಟನ್ನು ಕರೆದರು.

ಕೆಲವು ದಿನ ಬಿಟ್ಟು ಕಚೇರಿಗೆ ಬರಲು ಮೆಸೇಜ್ ಬಂತು. ಸಾಂತಾಕ್ರೂಜಿನಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದೆವು. ಲೇಡೀಸ್ ಡಬ್ಬಿಯಲ್ಲಿ ಅಕ್ಕನಿಗೆ ಸೀಟು ಸಿಕ್ಕಿತು, ನಾನು ನಿಂತೇ ಪಾಠ ಹೇಳಿದೆ. "ನೋಡು, ಈಗಷ್ಟೇ ಹುಷಾರಾದದ್ದು ಅನ್ನು. ಇನ್ನೂ ನಿತ್ರಾಣ ಉಂಟು ಅನ್ನು. ಬೇರೆ ಎಂತ ಕೇಳಿದ್ರೂ ನನ್ನ ಕಡೆ ನೋಡು." ಅಕ್ಕ ತಲೆಯಾಡಿಸಿದಳು. ಅವಳ ಸೀರೆ ಸಡಿಲವಾಗಿ ಜಾರುತ್ತಿತ್ತು. ಅಷ್ಟು ಇಳಿದುಹೋಗಿದ್ದಳು.

ಕಚೇರಿಯಲ್ಲಿ ಬಹಳ ಹೊತ್ತು ಕೂತೆವು. ಪಕ್ಕದಲ್ಲಿ ಓದಲು ಬಂದ ಆಫ್ರಿಕಾದ ಹುಡುಗರು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಒಬ್ಬಳು ಬಿಳಿಯ ಹೆಂಗಸು. ಅಕ್ಕ ಆ ಹುಡುಗರ ಜೊತೆ ಸ್ವಾಹಿಲಿಯಲ್ಲಿ ಮಾತಿಗಿಳಿದು ನಗುತ್ತಿದ್ದಳು. ಕಾಯಿಲೆಯವಳ ಹಾಗೆ ಕೂರಬಾರದಾ ಎಂದು ನನ್ನ ಮೈಯೆಲ್ಲ ಉರಿಯಿತು.

ಒಳಗೆ ಮರಾಠಿ ಹೆಂಗಸೊಬ್ಬರು ಅಧಿಕಾರಿ. ಜೋರಿನವರಲ್ಲ, ಅವರೂ ನನ್ನ ಹಾಗೆಯೇ ದಣಿದವರು. ಡಾಕ್ಟರ ಪತ್ರ ಓದಿ ಅಕ್ಕನನ್ನೇ ನೋಡಿದರು.

"ತಬಿಯತ್ ಠೀಕ್ ಕಬ್ ಹುಯೀ?" ಯಾವಾಗ ಗುಣವಾಯಿತು ಎಂದು.

ಅಕ್ಕ ನನ್ನ ಕಡೆ ನೋಡಲಿಲ್ಲ. "ಗಣಪತಿ ವಿಸರ್ಜನ್ ಕೇ ಟೈಮ್ ಠೀಕ್ ಹೋ ಗಯೀ ಥೀ" ಎಂದಳು.

ಗಣಪತಿ ಬಿಡುವಾಗಲೇ ಗುಣವಾಗಿತ್ತಂತೆ, ಗಣಪತಿಯನ್ನು ನೀರಿಗೆ ಬಿಟ್ಟು ಅಷ್ಟರಲ್ಲಿ ಎರಡು ವಾರ ದಾಟಿತ್ತು. ಆ ಎರಡು ವಾರವೂ ಅವಳು ಮನೆಯಲ್ಲಿ ನಿತ್ರಾಣ ನಿತ್ರಾಣ ಎಂದು ಮಲಗಿದ್ದಳು, ನಾನು ಹಾಸಿಗೆಗೇ ನೀರು ಕೊಡುತ್ತಿದ್ದೆ.

"ಫಿರ್ ಗಯೀ ಕ್ಯೋಂ ನಹೀಂ?" ಗುಣವಾದ ಮೇಲೂ ಯಾಕೆ ಹೋಗಲಿಲ್ಲ ಎಂದು ಅಧಿಕಾರಿ ಪೆನ್ನು ಹಿಡಿದರು.

ಅಕ್ಕ ಜಾರುತ್ತಿದ್ದ ಸೆರಗನ್ನು ಮೇಲೆಳೆದುಕೊಂಡಳು. "ಮಾ ಖಾನಾ ಬನಾ ರಹೀ ಥೀ" ಎಂದಳು. ಅಮ್ಮ ಅಡುಗೆ ಮಾಡುತ್ತಿದ್ದಳು. ಅಷ್ಟೇ.

ಪೆನ್ನು ಮುಂದೆ ಹೋಗಲಿಲ್ಲ. ಇಷ್ಟು ದಿನ ಓಡಾಡಿದ್ದೆಲ್ಲ ನೀರು ಪಾಲಾಯಿತು ಎಂದು ನನಗನಿಸಿತು. ಇವಳನ್ನು ಇಲ್ಲೇ ಬಿಟ್ಟು ಹೋಗಿಬಿಡಬೇಕು ಅನ್ನುವಷ್ಟು ಸಿಟ್ಟು. ಆದರೆ ಬಾಯಿ ಬೇರೆಯೇ ಮಾತಾಡಿತು. ನನ್ನ ಮುರುಕು ಹಿಂದಿಯಲ್ಲಿ, ನಮ್ಮಲ್ಲಿ ಕಾಮಾಲೆಗೆ ಪಥ್ಯ ಮುಗಿಯದೆ ಯಾರನ್ನೂ ಹೊರಡಿಸುವುದಿಲ್ಲ ಮ್ಯಾಡಮ್, ಅವಳು ಹೊರಟಿದ್ದಳು, ತಡೆದದ್ದು ನಾನು, ತಪ್ಪಿದ್ದರೆ ನನ್ನದು ಎಂದೆ. ಅರ್ಧ ಸುಳ್ಳು. ಮಲಗಿದ್ದ ತಾಯಿ ಎದ್ದು ನಿಂತ ಕಥೆಯೂ ನಡುವೆ ಬಂತು. ಅದು ಸುಳ್ಳಲ್ಲ.

ಅವರು ಕೇಳಿಸಿಕೊಂಡರು. ಇದನ್ನೆಲ್ಲ ನಾನು ಬರೆಯುವ ಹಾಗಿಲ್ಲ, ಕಾಯಿಲೆ ಮತ್ತು ಪಥ್ಯ ಎಂದು ಬರೆಯುತ್ತೇನೆ, ಮೇಲಿನವರು ನೋಡುತ್ತಾರೆ ಎಂದರು. ಮುಂದಿನ ಸಲ ಅರ್ಜಿ ಹಾಕುವಾಗ ಹೀಗಾಗಿತ್ತು ಎಂದು ಮುಚ್ಚದೆ ಹೇಳಬೇಕು, ವೀಸಾ ಕೊಡುವುದು ಬಿಡುವುದು ನಮ್ಮ ಕೈಯಲ್ಲಿಲ್ಲ ಎಂದರು. ಏಳುವಾಗ, "ಆಯೀಲಾ ಸಾಂಭಾಳಾ" ಎಂದು ಮರಾಠಿಯಲ್ಲಿ ಹೇಳಿದರು. ತಾಯಿಯನ್ನು ನೋಡಿಕೊಳ್ಳಿ ಎಂದು. ನಾನು ಮತ್ತೇನು ಮಾಡುತ್ತಿದ್ದೇನೆ ಎಂದುಕೊಂಡು ಕಾಗದಗಳನ್ನು ಎತ್ತಿಕೊಂಡೆ.

ವಾಪಸು ಬರುವ ಲೋಕಲ್‌ನಲ್ಲಿ ವಡಾಲಾದವರೆಗೆ ಸಿಟ್ಟು ನುಂಗಿಕೊಂಡು ನಿಂತಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ನನಗಾದ್ರೂ ಹೇಳ್ಬಹುದಿತ್ತು. ನಾನು ಆಫೀಸು, ಡಾಕ್ಟರು ಅಂತ ಸಾಯ್ತಾ ಇದ್ದೆ, ನೀನು ಹುಷಾರಿದ್ದೂ ಮಲಗಿದ್ದಿ."

"ಹೇಳಿದ್ರೆ ನೀನು ಉಪ್ಪು ಹಾಕಿ ಬಡಿಸ್ತಿದ್ದಿ" ಎಂದಳು ಅಕ್ಕ. "ನನಗೆ ಗುಣ ಆಯ್ತು ಅಂತ ಗೊತ್ತಾದ ದಿನ ಅಮ್ಮ ಪುನಃ ಮಲಗ್ತಾಳೆ. ನೋಡು ಬೇಕಾದ್ರೆ."

"ಅದಕ್ಕೆ ವೀಸಾ ಹಾಳು ಮಾಡಿಕೊಳ್ಳುವುದಾ?"

"ಏಜೆಂಟ್ ಹೇಳುವವರೆಗೆ ವೀಸಾದ ನೆನಪೇ ಇರ್ಲಿಲ್ಲ ಮಾರಾಯ್ತಿ. ಅಮ್ಮನ ಮನೆಯಲ್ಲಿ ಅದು ನೆನಪಾಗ್ತದಾ?" ಎಂದು ಅವಳು ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ಹೆಂಗಸು ಸರಿದು ನನಗೂ ಸ್ವಲ್ಪ ಜಾಗ ಮಾಡಿಕೊಟ್ಟಳು.

ಅನುಮತಿ ಬಂತು. ದಂಡ ಕಟ್ಟಿದೆವು, ಅಕ್ಕ ಹೋದಳು. ಪಥ್ಯ ಮುಗಿಯಿತು ಎಂದು ಅಮ್ಮನಿಗೆ ಹೇಳಲೇಬೇಕಾಯಿತು. ಅಕ್ಕ ಹೇಳಿದ್ದೇ ಆಯಿತು. ಎರಡು ದಿನ ಅಮ್ಮ ಅಭ್ಯಾಸ ಬಲದಿಂದ ಅಡುಗೆಮನೆಗೆ ಬಂದಳು, ಏನು ಮಾಡಬೇಕೆಂದು ತಿಳಿಯದೆ ಒಲೆಯನ್ನು ನೋಡಿ ಹಿಂದೆ ಹೋದಳು. ಮೂರನೆಯ ದಿನ ಬೆಡ್‌ಪ್ಯಾನ್ ಕೇಳಿದಳು.

ಅಕ್ಕ ಅಲ್ಲಿ ಹೊಸ ಅರ್ಜಿ ಹಾಕಿದಳು, ಆದದ್ದನ್ನೆಲ್ಲ ಮುಚ್ಚದೆ ಬರೆದು. ಪರಿಶೀಲನೆಯಲ್ಲಿದೆ ಎಂದೇ ಬರುತ್ತಿತ್ತು ಉತ್ತರ. ಅಮ್ಮ ದಿನದಿಂದ ದಿನಕ್ಕೆ ಹಾಸಿಗೆಗೆ ಅಂಟಿಕೊಳ್ಳುತ್ತಿದ್ದಳು. ಕೊಟ್ಟದ್ದರಲ್ಲಿ ಅರ್ಧ ಉಣ್ಣುವಳು. ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳುವುದನ್ನೂ ಬಿಟ್ಟಳು. ಹೀಗೇ ಮಲಗಿದ್ದರೆ ವೀಸಾ ಬರುವವರೆಗೆ ಇವಳು ಇರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಒಂದು ಬೆಳಗ್ಗೆ ಚಹಾ ತಗೊಂಡು ಹೋಗಿ ಅವಳ ಮಂಚದ ತುದಿಯಲ್ಲಿ ಕೂತೆ.

"ಅಮ್ಮಾ, ಯಾಕೋ ಬಾಯಿ ಕಹಿ. ಊಟ ಸೇರುವುದಿಲ್ಲ, ವಾಂತಿ ಬಂದ ಹಾಗೆ ಆಗ್ತದೆ."

ಅಮ್ಮ ಕಣ್ಣು ತೆರೆದಳು. "ಹತ್ತಿರ ಬಾ. ಕಣ್ಣು ತೋರಿಸು."

ಬಗ್ಗಿದೆ. ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ಬೆಳಕಿಗೆ ಹಿಡಿದು ನೋಡಿದಳು. ಇನ್ನೊಂದನ್ನೂ ನೋಡಿದಳು.

"ಹಳದಿ ಇಲ್ಲವಲ್ಲ."

"ಶುರುವಿಗೆ ಕಾಣ್ಲಿಕ್ಕಿಲ್ಲ ಅಮ್ಮ" ಎಂದೆ.

ಅಮ್ಮ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಅವಳಿಗೆ ಏನು ಗೊತ್ತಾಯಿತು, ಏನು ಇಲ್ಲ ಎಂದು ಇವತ್ತಿಗೂ ನಾನು ಕೇಳಿಲ್ಲ. "ಓಡಾಡಿ ಓಡಾಡಿ ನೀನೂ ಇಳಿದು ಹೋಗಿದ್ದಿ" ಎಂದಳು. ಆಮೇಲೆ ಹೊದಿಕೆ ಸರಿಸಿ ಒಂದೊಂದೇ ಕಾಲನ್ನು ಕೆಳಗಿಟ್ಟಳು. "ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದಿ? ಇಲ್ಲಿ ಕೊಡು."

ಅಕ್ಕನ ವೀಸಾ ಇನ್ನೂ ಬಂದಿಲ್ಲ. ನಾನು ದಿನಾ ಉಪ್ಪಿಲ್ಲದ ಗಂಜಿ ಉಣ್ಣುತ್ತಿದ್ದೇನೆ.