ಗೋಧಿಗೂ ಒಂದು ಮಡಿ

ಗಂಗೆಯಲ್ಲಿ ಮುಳುಗಿ ಬಂದ ಒದ್ದೆ ಸೀರೆಯಲ್ಲೇ ದೊಡ್ಡಮ್ಮ ಒಲೆ ಮುಂದೆ ಕೂರುತ್ತಿದ್ದರು. ಚಳಿಗಾಲದಲ್ಲಿ ಬೆಂಕಿಯ ಕಾವಿಗೆ ಆ ಸೀರೆಯಿಂದ ಹಬೆ ಏಳುತ್ತಿತ್ತು. ಅನ್ನದ ಜೊತೆ ಅವರೂ ಬೇಯುತ್ತಿದ್ದಾರೇನೋ ಎಂದು ನನ್ನ ಮಗಳು ಕಣ್ಣರಳಿಸಿ ನೋಡುತ್ತಿದ್ದಳು. ದೊಡ್ಡಮ್ಮ ನಮಗೆ ನೆಂಟರಲ್ಲ. ಕೇದಾರ ಘಾಟ್‌ನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರ ಹೆಂಡತಿ. ಗಂಡ ಹೆಂಡತಿ ಇಬ್ಬರೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನಾವು ಭೇಲೂಪುರದಲ್ಲಿ ಬಾಡಿಗೆಗಿದ್ದೆವು. ಶಾಲೆ ಬಿಟ್ಟ ಮೇಲೆ ಮಗಳಿಗೆ ಮಧ್ಯಾಹ್ನದ ಊಟ ದೊಡ್ಡಮ್ಮನ ಮನೆಯಲ್ಲೇ.

ಐದು ವರ್ಷದ ಮಗುವಿಗೆ ಹೊಟ್ಟೆ ಉಬ್ಬರ, ನಿಲ್ಲದ ಭೇದಿ, ಕೈಕಾಲು ಕಡ್ಡಿ. ರಕ್ತಪರೀಕ್ಷೆ, ಎಂಡೋಸ್ಕೋಪಿ ಮುಗಿಸಿ ಡಾಕ್ಟರು ಸೀಲಿಯಾಕ್ ಎಂದರು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇವಳ ಕರುಳನ್ನು ಕೆಡಿಸುತ್ತದೆ. ಬದುಕಿಡೀ ಪಥ್ಯವೇ ಮದ್ದು. "ರೋಟಿ ಬಂದ್, ದಲಿಯಾ ಬಂದ್, ಮೈದಾ ಬಂದ್. ಚಾವಲ್ ಖಿಲಾಯಿಯೇ." ನನಗೆ ಒಳಗೊಳಗೇ ನಗು. ಅನ್ನ ತಿನ್ನುವ ಜನಕ್ಕೆ ಇದೂ ಒಂದು ಪಥ್ಯವೇ!

ದೊಡ್ಡಮ್ಮ ನಗಲಿಲ್ಲ. "ತಿನ್ನದಿದ್ರೆ ಸಾಕೇನೇ? ಸೋಕಿದ್ರೂ ಆಗಲ್ವಾ?" ಎಂದು ಕೇಳಿದರು. ಚಪಾತಿ ಮಣೆಯ ಹಿಟ್ಟು ಉದುರಿದರೂ ಕಷ್ಟ ಎಂದೆ. ಅವರ ಮುಖ ಅರಳಿತು.

"ಹಾಗನ್ನು! ಇದು ಮಡಿ ಕಣೇ. ನಂಗೆ ಯಾರೂ ಹೇಳ್ಕೊಡಬೇಕಾಗಿಲ್ಲ."

ಅವತ್ತೇ ಮಗಳಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಮಸಿಬಟ್ಟೆ. ಗೋಧಿ ಮುಟ್ಟಿದ ಕೈಯಲ್ಲಿ ಸ್ವತಃ ಪುರೋಹಿತರು ಬಂದರೂ ಅಡುಗೆಮನೆಯ ಹೊಸ್ತಿಲಾಚೆಯೇ ನಿಲ್ಲಬೇಕು. ಡಾಕ್ಟರ ಚೀಟಿಯನ್ನು ಎರಡು ವಾರ ಓದಿಯೂ ನಾನು ಕಲಿಯದ್ದನ್ನು ಅವರು ಒಂದು ನಿಮಿಷದಲ್ಲಿ ಕಲಿತರು.

ಆದರೂ ಮಗಳು ಚೇತರಿಸಿಕೊಳ್ಳಲಿಲ್ಲ. ನಾಲ್ಕು ತಿಂಗಳಾದರೂ ತೂಕ ಏರಲಿಲ್ಲ. "ಕುಛ್ ತೋ ಜಾ ರಹಾ ಹೈ," ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಲೇ ಇದೆ ಎಂದು ಡಾಕ್ಟರು ನನ್ನನ್ನೇ ದಿಟ್ಟಿಸಿದರು. ಭಯವಾಯಿತು, ಸಿಟ್ಟೂ ಬಂತು. ಶಾಲೆಯಲ್ಲಿ ಯಾರ ಬಿಸ್ಕತ್ತು ತಿಂದೆ ಎಂದು ಮಗುವಿಗೆ ಒಂದೇಟು ಕೊಟ್ಟೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಷ್ಟರಲ್ಲಿ ಪಿತೃಪಕ್ಷ. ದೊಡ್ಡಮ್ಮನ ಮನೆಯಲ್ಲಿ ಹದಿನೈದು ದಿನವೂ ಶ್ರಾದ್ಧದ ಅಡುಗೆ. ಮಗುವಿಗೆ ಪರರ ಶ್ರಾದ್ಧದೂಟವೇ ಎಂದು ಊರಲ್ಲಿ ನಮ್ಮತ್ತೆ ಕೇಳಿದ್ದರೆ ಎದೆ ಎದೆ ಬಡಿದುಕೊಳ್ಳುತ್ತಿದ್ದರು. ನನ್ನ ಮಗಳು ಮಧ್ಯಾಹ್ನ ಅಲ್ಲಿ, ರಾತ್ರಿಗೆ ಡಬ್ಬಿಯಲ್ಲಿ ತಂದು, ದಿನವೂ ಅದನ್ನೇ, ಗೋಧಿಯದ್ದೊಂದು ಬಿಟ್ಟು, ಉಂಡಳು. ಭೇದಿ ನಿಂತಿತು! ಮುಖಕ್ಕೆ ಕಳೆ ಬಂತು. ನವರಾತ್ರಿ ಶುರುವಾದದ್ದೇ ತಡ, ಮತ್ತೆ ಹೊಟ್ಟೆ ಉಬ್ಬಿತು.

ಕೆಲವೇ ದಿನಕ್ಕೆ, ನಡುಮಧ್ಯಾಹ್ನ, ಘಾಟಿನ ಗಲ್ಲಿ ಬಿಟ್ಟು ಕದಲದ ದೊಡ್ಡಮ್ಮ ರಿಕ್ಷಾ ಹತ್ತಿ ನಮ್ಮ ಬಾಗಿಲಿಗೆ ಬಂದರು. ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಇಂಗಿನ ಡಬ್ಬಿ.

"ಶ್ರಾದ್ಧಕ್ಕೆ ನಮ್ಮನೇಲಿ ಇಂಗು ಹಾಕಲ್ಲ ಕಣೇ! ಮಿಕ್ಕ ದಿನ ಹಾಕ್ತೀನಿ. ಈ ಸಣ್ಣಕ್ಷರ ನಂಗೆ ಕಾಣಲ್ಲ. ಓದು, ಬೇಗ ಓದು!"

ಕಿಟಕಿಯ ಬೆಳಕಿಗೆ ಹಿಡಿದೆ. ಇರುವೆ ಸಾಲಿನಂಥ ಹಿಂದಿ ಅಕ್ಷರ: ಗೇಹೂಂ ಕಾ ಆಟಾ. ಕಿರುಚಿಯೇಬಿಟ್ಟೆ! ಇಂಗಿನ ಘಾಟು ತಗ್ಗಿಸಲು ಗೋಧಿಹಿಟ್ಟು ಬೆರೆಸಿದ್ದರು.

"ಸಿಕ್ಕಿಬಿದ್ದ ಕಳ್ಳ!" ದೊಡ್ಡಮ್ಮ ಚಪ್ಪಾಳೆ ತಟ್ಟಿದರು. ಇಬ್ಬರೂ ಮಕ್ಕಳ ಹಾಗೆ ಕೈ ಹಿಡಿದು ಕುಣಿದೆವು. ಮರುಗಳಿಗೆಗೆ ಅವರು ನೆಲದ ಮೇಲೆ ಕುಸಿದರು. "ಇಷ್ಟು ದಿನ ನನ್ನ ಕೈಯಾರೆ ಹಾಕಿದೆನಲ್ಲೇ," ಎಂದು ಅತ್ತರು. ನನ್ನ ಅಡುಗೆಮನೆಯಲ್ಲೂ ಅದೇ ಡಬ್ಬಿ ಇತ್ತು.

ಅವತ್ತಿನಿಂದ ಅವರ ಮನೆಯಲ್ಲಿ ಇಂಗೇ ಇಲ್ಲ. ಸಾರಿಗೆ ಘಮವಿಲ್ಲ ಎಂದು ಯಾತ್ರಿಕರು ಗೊಣಗಿದರೆ, "ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ. ನಾನು ಮಂಗ ಅಲ್ಲ," ಎಂದು ಜೀರಿಗೆ ಮೆಣಸಿನ ಒಗ್ಗರಣೆ ಸುರಿಯುತ್ತಿದ್ದರು. ಹೋಳಿ ಹೊತ್ತಿಗೆ ಮೈ ತುಂಬಿಕೊಂಡ ಮಗಳ ಫ್ರಾಕಿನ ಗುಂಡಿ ಹಾಕಲಾಗಲಿಲ್ಲ. "ಅಜ್ಜಿ, ಪೇಟ್ ಬಿಲ್ಕುಲ್ ಠೀಕ್ ಹೈ!" ಎಂದು ಅವಳು ಹೊಟ್ಟೆ ತಟ್ಟಿಕೊಂಡು ಓಡಿಹೋದರೆ, "ಕನ್ನಡದಲ್ಲಿ ಹೇಳು, ಆಮೇಲೆ ನಂಬ್ತೀನಿ," ಎಂದರು.

ಕೆಲವು ವರ್ಷಗಳ ಮೇಲೆ, ಮಗಳು ನನ್ನ ಭುಜಕ್ಕೆ ಬಂದಾಗ, ದೊಡ್ಡಮ್ಮ ತೀರಿಕೊಂಡರು. ಸಾವಿನ ಮನೆಗೆ ತೊಂದರೆ ಬೇಡವೆಂದು, ವೈಕುಂಠ ಸಮಾರಾಧನೆಯ ದಿನ ಮಗಳ ಊಟವನ್ನು ಡಬ್ಬಿಯಲ್ಲಿ ಒಯ್ದಿದ್ದೆ. ಅವರ ಸೊಸೆ ಅದನ್ನು ನನ್ನ ಕೈಯಿಂದ ಕಸಿದುಕೊಂಡರು.

"ಆಸ್ಪತ್ರೆಗೆ ಹೋಗೋ ಮುಂಚೇನೇ ಅತ್ತೆ ಹೇಳಿದ್ರು. ನನ್ನ ವೈಕುಂಠಕ್ಕೆ ಆ ಮಗು ಬರುತ್ತೆ. ಹೋಳಿಗೆ ಕಣಕ ಕಲಸೋ ಮುಂಚೆ ಅವಳಿಗೆ ಅಡುಗೆ ಮಾಡು, ಮೊದಲು ಅವಳ ಎಲೆಗೆ ಬಡಿಸು ಅಂತ."

ಮಗಳು ಎರಡು ಸಲ ಹಾಕಿಸಿಕೊಂಡು ಉಂಡಳು.