ಈಸ್ಟರ್ ಊಟಕ್ಕೆ ಮುತ್ತುಗದ ಎಲೆ

ಪ್ಲಾಸ್ಟಿಕ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸಲ ಈಸ್ಟರ್ ಊಟ ಗಜೇಂದ್ರಗಡದ ನಮ್ಮ ಮನೆಯಲ್ಲೇ ಎಂದು ಗೊತ್ತಾದ ಕೂಡಲೇ, ಥರ್ಮೋಕೋಲ್ ತಟ್ಟೆ, ಮಿಂಚುವ ಕಾಗದ ಯಾವುದೂ ಹೊಸ್ತಿಲು ದಾಟಕೂಡದು ಎಂದು ಎಲ್ಲರಿಗೂ ಫೋನಿನಲ್ಲೇ ಹೇಳಿಬಿಟ್ಟೆ. ಮಕ್ಕಳಿಗಾಗಿ ಮೊಟ್ಟೆಗಳನ್ನು ಉಳ್ಳಾಗಡ್ಡಿ ಸಿಪ್ಪೆಯಲ್ಲಿ ಕುದಿಸಿ ಕೆಂಪು ಮಾಡಿದೆ. ಊಟಕ್ಕೆ ಮುತ್ತುಗದ ಎಲೆ ತರಿಸಿದೆ.

ಚರ್ಚಿನಿಂದ ಬಂದವರೆಲ್ಲ ಅಂಗಳದ ಚಾಪೆಯ ಮೇಲೆ ಕೂತರು. ಅಬ್ಬಿಗೇರಿಯಿಂದ ಬಂದಿದ್ದ ದೊಡ್ಡವ್ವ, ನನ್ನ ತಾಯಿಯ ಅಕ್ಕ, ಮಾತ್ರ ತನ್ನ ಮುಂದಿನ ಎಲೆಯನ್ನೇ ನೋಡುತ್ತ ನಿಂತಿದ್ದಳು.

"ಕುಂಡ್ರಬೇ ದೊಡ್ಡವ್ವ, ಅನ್ನ ಆರತೈತಿ," ಎಂದೆ.

"ನನಗೊಂದು ತಾಟ ಕೊಡು."

"ಎಲಿ ಚಲೋ ಅಲ್ಲೇನು? ಮಣ್ಣಾಗ ಮಣ್ಣಾಗಿ ಹೋಗತೈತಿ." ನನ್ನ ದನಿ ಬಿರುಸಾಗಿಯೇ ಇತ್ತು.

"ಗೌಡರ ಹೊಲದಾಗ ದುಡದು, ಅವರ ಹಿತ್ತಲದಾಗ ಇಂಥಾ ಎಲಿ ಮ್ಯಾಲೇ ಉಂಡೀನಿ. ತಾಟ ಮೈಲಿಗಿ ಆಗತಾವಂತ ನಮ್ಮ ಕೇರಿಯವರಿಗೆ ಎಲಿ ಹಾಕತಿದ್ರು. ಹಬ್ಬದ ದಿನ, ಮಗಳ ಮನ್ಯಾಗೂ ಎಲಿ ಏನು?"

ನಾನು ಒಳಗಿನಿಂದ ಸ್ಟೀಲಿನ ತಾಟು ತಂದು ಬಡಿಸಿದೆ. ಅವಳು ತಲೆ ತಗ್ಗಿಸಿ ಉಂಡಳು. ನನ್ನ ಕೆಂಪು ಮೊಟ್ಟೆಗಳ ಬಗ್ಗೆ ಆ ಮಧ್ಯಾಹ್ನ ಯಾರೂ ಮಾತೆತ್ತಲಿಲ್ಲ.

ಊಟವಾದ ಮೇಲೆ ಎಲೆಗಳನ್ನೆಲ್ಲ ಬಳಿದು ಗೊಬ್ಬರದ ಗುಂಡಿಗೆ ಹಾಕಲು ಹೋದೆ. ಬರುವಷ್ಟರಲ್ಲಿ ದೊಡ್ಡವ್ವ ತನ್ನ ತಾಟನ್ನು ತಾನೇ ತೊಳೆದಿದ್ದಳು. ಅದನ್ನು ಅಡುಗೆಮನೆಗೆ ತಂದಿರಲಿಲ್ಲ. ನಮ್ಮ ಪಾತ್ರೆಗಳಿಗೆ ತಾಗದಂತೆ, ಹಿತ್ತಲ ಗೋಡೆಯ ಮೇಲೆ ಅದೊಂದನ್ನೇ ಬೋರಲು ಹಾಕಿ ಇಟ್ಟಿದ್ದಳು.