ಕಿಟಕಿ ಮುಚ್ಚಿ ಬೆಳ್ಳಿ ಕರಗಿಸಿದ ದಿನ

ನಾನು ಚಿಕ್ಕವಳಿದ್ದಾಗ ಚಿನ್ನದ ಬಣ್ಣ ಕಂದು ಎಂದೇ ತಿಳಿದಿದ್ದೆ. ಅಪ್ಪನ ಪಿಂಗಾಣಿ ಬಟ್ಟಲಿನ ತಳದಲ್ಲಿ ಅದು ಕಾಫಿ ಚರಟದ ಹಾಗೆ ಕೂತಿರುತ್ತಿತ್ತು. ಅದನ್ನು ತೊಳೆದು, ಮೂಸೆಗೆ ಹಾಕಿ ಕಾಯಿಸಿದ ಮೇಲಷ್ಟೇ ಹಳದಿ ಹೊಳಪು ಬರುತ್ತಿತ್ತು. ಆ ಹೊಳಪನ್ನು ನಾನು ಸರಿಯಾಗಿ ನೋಡುವಷ್ಟರಲ್ಲಿ ಒಡವೆ ಅಂಗಡಿಯವರು ಕಾಗದದಲ್ಲಿ ಸುತ್ತಿಕೊಂಡು ಹೋಗಿಬಿಡುತ್ತಿದ್ದರು.

ಅಪ್ಪ ಶಿವಾಜಿನಗರದ ಒಂದು ವಠಾರದ ಹಿಂದೆ, ತಗಡಿನ ಚಾವಣಿಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಹಳೆಯ ಒಡವೆಗಳಲ್ಲಿ ಬೆರೆತ ಬೆಳ್ಳಿ, ತಾಮ್ರಗಳನ್ನು ಬಿಡಿಸಿ ಶುದ್ಧ ಚಿನ್ನ ತೆಗೆಯುವುದು ಅವರ ಕೆಲಸ. ಒಡವೆಯನ್ನು ಇನ್ನಷ್ಟು ಬೆಳ್ಳಿಯೊಡನೆ ಕರಗಿಸಿ, ತೆಳ್ಳಗೆ ತಟ್ಟಿ, ಚೂರು ಮಾಡಿ, ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಹಾಕುತ್ತಿದ್ದರು. ಬೆಳ್ಳಿಯೂ ತಾಮ್ರವೂ ಕರಗಿ ನೀರಿನಲ್ಲಿ ಸೇರಿಹೋಗುತ್ತಿದ್ದವು. ಚಿನ್ನ ಮಾತ್ರ ಉಳಿಯುತ್ತಿತ್ತು. ಕರಗುವಾಗ ಬಟ್ಟಲಿನಿಂದ ಹೊಗೆ ಏಳುತ್ತಿತ್ತು. ಗುಳ್ಳೆಗಳ ಹತ್ತಿರ ಅದಕ್ಕೆ ಬಣ್ಣವೇ ಇರುತ್ತಿರಲಿಲ್ಲ. ಅಂಚು ದಾಟಿ ಹೊರಗಿನ ಗಾಳಿಗೆ ಸೋಕಿದೊಡನೆ ಇಟ್ಟಿಗೆ ಪುಡಿ ಹಾರಿದ ಹಾಗೆ ಕೆಂಪುಕಂದಾಗುತ್ತಿತ್ತು. ನೋಡಲು ಚೆಂದ. ವಾಸನೆ ಮಾತ್ರ ಮೂಗಿನೊಳಗೆ ಉಗುರಿನಿಂದ ಗೀರಿದ ಹಾಗೆ.

ಬಟ್ಟಲನ್ನು ತೆರೆದ ಕಿಟಕಿಯ ಕೆಳಗೇ ಇಡಬೇಕು ಎನ್ನುವುದು ಆ ಕೋಣೆಯ ಕಟ್ಟುಪಾಡು. ಬೇರೆಯವರ ಚಿನ್ನ ಬಟ್ಟಲಲ್ಲಿ ಇರುವಷ್ಟು ಹೊತ್ತು ಕೆಲಸಕ್ಕೆ ಕೂತವರು ಅಲ್ಲಿಂದ ಏಳುವಂತಿಲ್ಲ ಎನ್ನುವುದು ಇನ್ನೊಂದು. ಎದ್ದು ಹೋದರೆ, ಚಿನ್ನ ಒಂದು ಚೂರೂ ಕಮ್ಮಿಯಾಗದಿದ್ದರೂ, ನಂಬಿಕೆ ಕಮ್ಮಿಯಾಗುತ್ತಿತ್ತು. ಅಪ್ಪ ಬಾಯಾರಿದರೂ ಏಳುತ್ತಿರಲಿಲ್ಲ.

ಅವತ್ತು ಶಾಲೆಗೆ ರಜೆ. ಮೋಡ ಕವಿದು ಚಳಿಯಿತ್ತು. ನಮ್ಮ ಹಲಸೂರಿನ ಮನೆಯಿಂದ ಊಟದ ಕ್ಯಾರಿಯರ್ ಹಿಡಿದುಕೊಂಡು ನಾನು ವಠಾರ ತಲುಪಿದಾಗ, ಮಹಡಿಯ ಮನೆಯ ಬೀಬಿ ಕಂಬಿಯ ಮೇಲೆ ಬಿಳಿ ಚಾದರಗಳನ್ನು ಒಣಹಾಕುತ್ತಿದ್ದರು. ಅವರ ಮಗಳ ಮದುವೆ ಹತ್ತಿರವಿತ್ತು.

"ಭಾಯ್ ಸಾಬ್, ನಿಮ್ದು ಹೊಗೆ ಬಂದ್ರೆ ನಮ್ದು ಚಾದರ ಎಲ್ಲ ಹಳದಿ ಆಗ್ತದೆ!" ಎಂದು ಮೇಲಿಂದಲೇ ಕೂಗಿದರು. "ನಾಳೆ ಹುಡುಗನ ಕಡೆಯವ್ರು ಬರ್ತಾರೆ. ಅರಿಶಿನ ಹಚ್ಚೋದು ನಾವು, ನೀವಲ್ಲ!"

ಅಪ್ಪ ನಕ್ಕುಬಿಟ್ಟರು. "ಆಯ್ತಮ್ಮ. ಇವತ್ತೊಂದಿನ ಕಿಟಕಿ ಮುಚ್ಕೋತೀನಿ ಬಿಡಿ."

ಹಾಗೆಯೇ ಮುಚ್ಚಿಕೊಂಡರು. ಚಿನ್ನ ತಂದಿದ್ದ ಅಂಗಡಿಯವರು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಆಸಿಡ್ ಕುದಿಯತೊಡಗಿದ ಸ್ವಲ್ಪ ಹೊತ್ತಿಗೆ ಅವರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕೆಮ್ಮುತ್ತಾ ಎದ್ದರು.

"ಏನ್ ಗುರು ಇದು, ಸಾಯಿಸ್ತೀಯಾ? ಟೀ ಕುಡ್ಕೊಂಡ್ ಬರ್ತೀನಿ. ನೋಡ್ಕೊಂಡಿರು."

ಯಜಮಾನರೇ ಇಲ್ಲದ ಚಿನ್ನವನ್ನು ಬಿಟ್ಟು ಅಪ್ಪ ಹೇಗೆ ಏಳುತ್ತಾರೆ? ನಾನು ಹೊರಗಿನ ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೊಗೆ ಚಾವಣಿಗೆ ತಾಗಿ, ಹೋಗಲು ದಾರಿಯಿಲ್ಲದೆ, ಮತ್ತೆ ಕೆಳಗಿಳಿಯುತ್ತಿತ್ತು. ಅಪ್ಪನ ಮುಖ ಅದರ ಹಿಂದೆ ಮಸುಕಾಗಿ ಕಂಡಿತು.

"ಅಪ್ಪಾ, ಆಚೆ ಬನ್ನಿ" ಎಂದೆ.

"ಅವ್ರ ಚಿನ್ನ ಇದೆ ಪುಟ್ಟಿ. ನೀನು ಒಳಗ್ ಬರ್ಬೇಡ, ದೂರ ಕೂತ್ಕೋ."

ಹೊಗೆ ತಾನಾಗಿ ನಿಂತಾಗ ಬೆಳ್ಳಿಯೆಲ್ಲ ಕರಗಿದೆ ಎಂದು ಅರ್ಥ. ಅದು ನಿಂತ ಮೇಲೆ, ಅಂಗಡಿಯವರು ಬಂದು ಚಿನ್ನ ತೆಗೆದುಕೊಂಡು ಹೋದ ಮೇಲೆ, ಅಪ್ಪ ಹೊರಗೆ ಬಂದರು. ಕಣ್ಣುಗಳು ಕೆಂಪಾಗಿದ್ದವು. ಸ್ವಲ್ಪ ಕೆಮ್ಮಿ, ಮುಖ ತೊಳೆದು, ಊಟ ಮಾಡಿದರು. ಏನೂ ಆಗಿಲ್ಲ ಎಂದರು. ನಿಜಕ್ಕೂ ಆಗ ಏನೂ ಆದಂತೆ ಕಾಣಲಿಲ್ಲ. ಮನೆಗೆ ಬಂದು ಒಂದು ಉಂಡೆ ಬೆಲ್ಲ ತಿಂದರು. ಹೊಗೆ ಕುಡಿದ ದಿನ ಬೆಲ್ಲ ತಿಂದರೆ ಎದೆ ತೊಳೆದುಹೋಗುತ್ತದೆ ಎಂದು ಆ ಕೆಲಸದವರೆಲ್ಲ ನಂಬಿದ್ದರು. ಮಲಗುತ್ತೇನೆ ಎಂದು ಚಾಪೆ ಹಾಸಿಕೊಂಡರು.

ಸಂಜೆ ಅಕ್ಕ ಕಾಲೇಜಿನಿಂದ ಬಂದಳು. ರಸಾಯನಶಾಸ್ತ್ರ ಓದುತ್ತಿದ್ದಳು. ಬಾಗಿಲಲ್ಲೇ ಅವಳ ಮೂಗು ಅರಳಿತು. ಅಪ್ಪನ ಅಂಗಿಯಿಂದ ಅದೇ ವಾಸನೆ ಬರುತ್ತಿತ್ತು. ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು.

"ಹೊಗೆ ಯಾವ್ ಬಣ್ಣ ಇತ್ತು?"

"ಕಂದು."

"ಕಿಟಕಿ?"

"ಮುಚ್ಚಿತ್ತು."

ಅಕ್ಕ ಕಾಲೇಜಿನ ಚೀಲವನ್ನು ಅಲ್ಲೇ ಬಿಟ್ಟಳು. ಚಾಪೆಯ ಹತ್ತಿರ ಹೋಗಿ ಅಪ್ಪನನ್ನು ಎಬ್ಬಿಸಿದಳು. "ಎದ್ದೇಳಿ ಅಪ್ಪ, ಆಸ್ಪತ್ರೆಗೆ ಹೋಗೋಣ."

"ಕೆಮ್ಮಿಗೆಲ್ಲ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೇ? ಇಷ್ಟು ವರ್ಷ ಕುಡ್ದಿದೀನಿ ಈ ಹೊಗೇನ. ನಾಲ್ಕು ಪುಸ್ತಕ ಓದ್ಬಿಟ್ಟು ನಂಗೆ ಹೇಳ್ಕೊಡೋಕೆ ಬಂದ್ಬಿಟ್ಲು."

"ಇಷ್ಟು ವರ್ಷ ಕಿಟಕಿ ತೆಗ್ದಿತ್ತು. ಆ ಹೊಗೆ ನೀರಿಗೆ ಸೇರಿದ್ರೆ ಮತ್ತೆ ಅದೇ ಆಸಿಡ್ ಆಗತ್ತೆ ಅಪ್ಪ. ನಿಮ್ಮ ಎದೆ ಒಳಗೂ ಪಸೆ ಇದೆಯಲ್ಲ. ಬೆಳ್ಳೀನೇ ಕರಗಿಸೋದು ಅದನ್ನ ಬಿಡತ್ತಾ? ತಕ್ಷಣ ಗೊತ್ತಾಗಲ್ಲ, ಎಷ್ಟೋ ಹೊತ್ತಾದ್ಮೇಲೆ ಉಸಿರು ಕಟ್ಟತ್ತೆ."

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಮಾತು ಅರ್ಧಕ್ಕೆ ನಿಂತಿತು. ಮತ್ತೆ ಉಸಿರೆಳೆದುಕೊಂಡು ಹೇಳಲು ನೋಡಿದರು, ಆಗಲೂ ಪೂರ್ತಿಯಾಗಲಿಲ್ಲ. ಎದೆಯೊಳಗೆ ನೀರು ಗುಳುಗುಳು ಎನ್ನುವ ಸದ್ದು ನನಗೂ ಕೇಳಿಸಿತು. ಆಮೇಲೆ ಅವರು ವಾದ ಮಾಡಲಿಲ್ಲ. ಅಕ್ಕ ಆಟೋ ತಂದಳು. ದಾರಿಯುದ್ದಕ್ಕೂ ಅಪ್ಪನನ್ನು ಒರಗಲು ಬಿಡದೆ ನೆಟ್ಟಗೆ ಕೂರಿಸಿಕೊಂಡಿದ್ದಳು. ನಾನು ಅವರ ಕೈ ಹಿಡಿದಿದ್ದೆ. ಬೆರಳ ತುದಿಗಳು ಆಸಿಡ್ ತಾಗಿ ಯಾವಾಗಲೂ ಹಳದಿ ಇರುತ್ತಿದ್ದವು. ಅವತ್ತು ಉಗುರುಗಳು ನೀಲಿಯಾಗಿದ್ದವು.

ಆಸ್ಪತ್ರೆಯಲ್ಲಿ ಅವರ ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ಮಲಗಿಯೇ ಇದ್ದಿದ್ದರೆ ಬೆಳಗು ಕಾಣುವುದು ಕಷ್ಟವಿತ್ತು ಎಂದು ಡಾಕ್ಟರು ಅಕ್ಕನಿಗೆ ಹೇಳಿದರು. ಎದೆ ಸುಟ್ಟ ಕಂದು ಹೊಗೆಯಲ್ಲಿ ಸಾರಜನಕದ ಜೊತೆ ಕೂಡಿಕೊಂಡಿದ್ದುದೂ ಆಮ್ಲಜನಕವೇ, ಈಗ ಒಂಟಿಯಾಗಿ ಬಂದು ಉಸಿರು ಉಳಿಸುತ್ತಿದ್ದುದೂ ಅದೇ. ಅಕ್ಕ ಹೀಗೆಂದಾಗ ನನಗೆ ಅರ್ಥವಾಗಲಿಲ್ಲ. ನನಗೆ ನಿದ್ದೆ ಬರುತ್ತಿತ್ತು.

ಬೀಬಿ ನೋಡಲು ಬಂದರು. ಮದುವೆಯ ಮಿಠಾಯಿ ಡಬ್ಬಿಯನ್ನು ಮಂಚದ ಮೇಲಿಟ್ಟು ಅತ್ತುಬಿಟ್ಟರು. "ನಂಗೆ ಹೊಗೆ ವಿಷಯ ಏನ್ ಗೊತ್ತು? 'ಆಗಲ್ಲ, ಹೋಗಮ್ಮ' ಅಂತ ಹೇಳ್ಬಾರ್ದಿತ್ತಾ ಭಾಯ್ ಸಾಬ್?"

ಅಪ್ಪ ಅವರನ್ನು ಸಮಾಧಾನ ಮಾಡುವ ಹಾಗೆ ಕೈಯಾಡಿಸಿದರು. ಆಗಲ್ಲ ಎಂದು ಹೇಳಲು ಅವರಿಗೆ ಬರುತ್ತಲೇ ಇರಲಿಲ್ಲ.

ಅಪ್ಪ ಉಳಿದರು. ಆದರೆ ಒಂದು ಮಹಡಿ ಹತ್ತುವಷ್ಟರಲ್ಲಿ ನಡುವೆ ನಿಲ್ಲಬೇಕಾಗುತ್ತಿತ್ತು. ಆಸಿಡ್ ಕೆಲಸ ಬಿಟ್ಟು ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಬಟ್ಟೆ ಅಳೆದುಕೊಂಡು ದಿನ ಕಳೆದರು. ಯಾರನ್ನೂ ದೂರಲಿಲ್ಲ. ನನಗೆ ಅವರ ಆ ತಾಳ್ಮೆಯನ್ನು ನೆನೆದರೆ ಇವತ್ತಿಗೂ ಸುಸ್ತಾಗುತ್ತದೆ.

ಮೊಮ್ಮಕ್ಕಳೇ, ನಿಮ್ಮ ಕೃಷ್ಣರಾಜಪುರದ ಮನೆಯ ಬಾಲ್ಕನಿಯಿಂದ ಬೆಳಿಗ್ಗೆ ನೋಡಿದರೆ ಹಳೇ ಮದ್ರಾಸ್ ರಸ್ತೆಯ ಮೇಲೆ ತೆಳುವಾಗಿ ಒಂದು ಮಸುಕು ಪಟ್ಟಿ ಕಾಣುತ್ತದೆ. ಅದರಲ್ಲಿ ಧೂಳಿದೆ, ಸ್ವಲ್ಪ ಆ ಕಂದು ಹೊಗೆಯೂ ಇದೆ. ಗಾಳಿಯಲ್ಲಿ ಸಾರಜನಕ, ಆಮ್ಲಜನಕ ಎರಡೂ ಪಕ್ಕಪಕ್ಕದಲ್ಲಿದ್ದರೂ ತಮ್ಮ ಪಾಡಿಗೆ ತಾವಿರುತ್ತವೆ. ಎಂಜಿನ್ನಿನೊಳಗಿನ ಬಿಸಿಗೆ ಕೂಡಿಕೊಂಡು ಹೊರಗೆ ಬರುತ್ತವೆ. ಅದಕ್ಕೆ ಆಸಿಡ್ ಬೇಡ, ಯಾರ ಚಿನ್ನವೂ ಬೇಡ.

ಮೊನ್ನೆ ರೈಲ್ವೆ ಸ್ಟೇಷನ್ ಹತ್ತಿರ ನಮ್ಮ ಆಟೋ ಸಿಗ್ನಲ್‌ನಲ್ಲಿ ನಿಂತಿತ್ತು. ಪಕ್ಕದ ಟೆಂಪೋದ ಹೊಗೆ ನೇರವಾಗಿ ಒಳಗೆ ಬರುತ್ತಿತ್ತು. ನಾನು ಸೆರಗು ಮೂಗಿಗೆ ಹಿಡಿದು ಸುಮ್ಮನೆ ಕೂತಿದ್ದೆ. ನಿಮ್ಮಲ್ಲಿ ಚಿಕ್ಕವಳು ತಲೆ ಹೊರಗೆ ಹಾಕಿ, "ಅಂಕಲ್, ಆಫ್ ಮಾಡಿ! ನಮಗೆ ಕೆಮ್ಮು ಬರ್ತಿದೆ!" ಎಂದು ಕೂಗಿದಳು. ಟೆಂಪೋ ಡ್ರೈವರ್ ಅವಳನ್ನು ಒಂದು ಕ್ಷಣ ನೋಡಿ, "ಆಯ್ತು ಮೇಡಂ" ಎಂದು ನಕ್ಕು ಕೀ ತಿರುಗಿಸಿದ. ಆ ಒಂದು ಎಂಜಿನ್ ನಿಂತಿತು. ಮುಂದೆ, ಹಿಂದೆ, ಉಳಿದವೆಲ್ಲ ಓಡುತ್ತಲೇ ಇದ್ದವು. ಅವಳು ಇನ್ನೊಂದು ಕಡೆಗೆ ತಿರುಗಿ ಮತ್ತೆ ಕೂಗಲು ಶುರುಮಾಡಿದಳು. ನಾನು ಅವಳನ್ನು ತಡೆಯಲಿಲ್ಲ.